ಒಪ್ಪಾರಿಗೊಂದು ಹೆಸರು

ಅಣ್ಣನ ಮಗ, ಸಿನಿಮಾ ಸಂಗೀತ ನಿರ್ದೇಶಕ ಮೋಹನ್ ರಾಜ್, ತನ್ನ ಬಾಯಿಗೆ ಮೈಕು ಹಿಡಿದರೂ ಅಂಗಮ್ಮ ಮಗ್ಗದಿಂದ ಕೈ ತೆಗೆಯಲಿಲ್ಲ.

"ಅತ್ತೆ, ಮಾವ ಸತ್ತಾಗ ಹಾಡಿದ್ರಲ್ಲ ಆ ಒಪ್ಪಾರಿ, ಒಂದೇ ಒಂದ್ ಸಲ ಹಾಡಿ. ಈ ಸಲ ನಾಟಕಕ್ಕೆ. ನಿಮ್ ಕೊರಳೇ ಬೇಕು."

ಗಂಡನ ಹೆಣದ ಮುಂದೆ ಅವಳು ಅತ್ತು ಹಾಡಿದ ಆ ಸಾವಿನ ಹಾಡನ್ನು ಅವನು ಅಂದೇ ಫೋನಿನಲ್ಲಿ ಹಿಡಿದಿದ್ದ. ಆ ರಾಗ ಮೊದಲು ಸಿನಿಮಾದಲ್ಲಿ ಕುಣಿತದ ಹಾಡಾಯಿತು, ಆಮೇಲೆ ಪಾಪ್ ಆಲ್ಬಮ್ಮಿಗೆ ಹೋಯಿತು. ಅವಿನಾಶಿ ಊರಿನ ಮದುವೆಯೊಂದರಲ್ಲಿ ಜನ ಅದಕ್ಕೆ ಕುಣಿಯುವುದನ್ನು ಕಂಡು ಅಂಗಮ್ಮ ಎಲೆ ಮುಂದಿನಿಂದ ಎದ್ದು ಬಂದಿದ್ದಳು.

"ಒಪ್ಪಾರೀನ ಸುಮ್ನೆ ಹಾಡಕ್ಕಾಗಲ್ಲಡಾ. ಸತ್ತೋರ ಹೆಸರು ಹಾಕ್ಬೇಕು. ನೀನು ಹಾಡಿಂದ ನಿನ್ ಮಾವನ ಹೆಸರೇ ತೆಗೆದ್ಬಿಟ್ಟೆ."

"ಯಾವ್ ಹೆಸರಾದ್ರೂ ಹಾಕ್ಕಳಿ ಅತ್ತೆ. ಆಮೇಲೆ ನಾನ್ ಕಟ್ ಮಾಡ್ಕೊಂತೀನಿ."

ಮಗ್ಗ ನಿಂತಿತು. ಅಂಗಮ್ಮ ನೆಲದ ಮೇಲೆ ಕೂತು, ತುರುಬು ಬಿಚ್ಚಿ ಕೂದಲು ಹರವಿಕೊಂಡಳು. ಅತ್ತೆ ಒಪ್ಪಿದಳೆಂದು ಅವನು ಖುಷಿಯಿಂದ ಗುಂಡಿ ಒತ್ತಿದ.

ಅವಳು ಅವನ ಮುಖವನ್ನೇ ನೋಡುತ್ತ ಎದೆ ಬಡಿದುಕೊಂಡು ರಾಗ ಎತ್ತಿದಳು: "ಅಯ್ಯೋ, ನನ್ ಅಣ್ಣನ್ ಮಗನೇ... ಮೋಹನ್ ರಾಜಾ, ಹೋಗ್ಬಿಟ್ಯಾ..."