ಬಾಜೂ ಖೋಲಿಯವನು

“ಯೇ ಆದ್ಮಿ ಕೌನ್ ಹೈ?” ವಿಧವಾ ಪಿಂಚಣಿಯ ಕೌಂಟರಿನ ಮೇಡಂ ಇಂದ್ರಾಬಾಯಿಯ ಜೊತೆ ಬಂದಿದ್ದ ಶ್ರೀಮಂತ ಎಂಬಾತನತ್ತ ಪೆನ್ನು ತೋರಿಸಿ ಯಾರಿವನೆಂದು ಕೇಳಿದಳು. ಇಂದ್ರಾಬಾಯಿ ಬಾಯಿ ತೆರೆಯುವ ಮೊದಲೇ ಅವನು, “ಪಡೋಸಿ ಹೂಂ ಮೇಡಂ, ಬಾಜೂ ಖೋಲಿ,” ಎಂದು ತಾನು ಬರೀ ಪಕ್ಕದ ಕೋಣೆಯವನೆಂದು ಹೇಳಿಬಿಟ್ಟ.

ಅವನ ಅಂಗಿಯ ಜೇಬಿನಲ್ಲಿ ಅವಳ ಹಸಿರು ಬಳೆಗಳಿದ್ದವು. ವರ್ಷಕ್ಕೊಮ್ಮೆ ಮುಖ ತೋರಿಸಲು ಈ ಕಚೇರಿಗೆ ಬರುವಾಗೆಲ್ಲ ಅವಳು ಜೋಗೇಶ್ವರಿ ಸ್ಟೇಶನ್ನಿನಲ್ಲೇ ಅವನ್ನು ಕಳಚಿ ಅವನ ಕೈಗೆ ಕೊಡುತ್ತಿದ್ದಳು. ಮಂಟಪ, ಮಂತ್ರ ಏನೂ ಇಲ್ಲದೆ ವಿಧವೆಯರಿಗೆ ಮಾಡುವ ಉಡಿಕಿ ಮದುವೆ ಅವರದು. ಚಾಳಿನ ಹಿರಿಯರ ಎದುರು ಅವನು ಸೀರೆ ಕೊಟ್ಟು ಈ ಬಳೆ ತೊಡಿಸಿದ್ದ, ಅಷ್ಟೆ. ಅಂಥದ್ದು ಸರಕಾರದ ಲೆಕ್ಕಕ್ಕೆ ಬರುವುದಿಲ್ಲವೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಈಗ ಅವಳು ಮರುಮದುವೆಯಾಗಿದ್ದಾಳೆಂದು ಯಾರೋ ದೂರು ಕೊಟ್ಟಿದ್ದರು.

ಪಕ್ಕದವನೇ ಆದರೆ ದೂರು ಸುಳ್ಳೆಂದು ಬರೆದು ಮುಗಿಸುತ್ತೇನೆ, ಗಂಡನಾದರೆ ಮದುವೆಯ ದಿನದಿಂದ ಪಡೆದದ್ದೆಲ್ಲ ವಾಪಸು ಕಟ್ಟಬೇಕು ಎಂದಳು ಮೇಡಂ. ಶ್ರೀಮಂತ ಪಕ್ಕದವನೇ ಎಂಬಂತೆ ಜೋರಾಗಿ ತಲೆಯಾಡಿಸಿದ. ಜೇಬಿನ ಬಳೆಗಳು ಸಣ್ಣಗೆ ಕಿಣಿಗುಟ್ಟಿದವು. ಇಂದ್ರಾಬಾಯಿ ಅವನನ್ನೇ ನೋಡಿದಳು. ಅವಳನ್ನು ಯಾರಾದರೂ ‘ಇಟ್ಟುಕೊಂಡಾಕಿ’ ಎಂದರೆ ಹೊಡೆದಾಟಕ್ಕೇ ನಿಲ್ಲುತ್ತಿದ್ದ ಮನುಷ್ಯ, ಅವಳಿಗಾಗಿ ಎಷ್ಟು ಸಲೀಸಾಗಿ ಪಕ್ಕದ ಮನೆಯವನಾಗಿಬಿಟ್ಟಿದ್ದ!

ಅವಳು ಬರಿಗೈಗಳನ್ನು ಅವನ ಮುಂದೆ ಚಾಚಿದಳು. “ತೊಡಸ್ರಿ.”

“ಏ ಹುಚ್ಚಿ, ಅಷ್ಟು ರೊಕ್ಕ ಎಲ್ಲಿಂದ ತರೂದು?”

“ಕಂತಿನ್ಯಾಗ ಕಟ್ಟೂಣು. ಮೊದಲ ತೊಡಸ್ರಿ.”

ಅವನು ಜೇಬಿನಿಂದ ಬಳೆ ತೆಗೆದು ಒಂದೊಂದಾಗಿ ತೊಡಿಸತೊಡಗಿದ. ಕೊನೆಯ ಬಳೆ ಅವಳ ಗೆಣ್ಣು ದಾಟುವವರೆಗೂ ಮೇಡಂ ಏನೂ ಬರೆಯಲಿಲ್ಲ.