ಕಡಿಮೆ ಹೇಳಿದ ಅಳತೆ

ಸಂಜೆಯ ಆರತಕ್ಷತೆಗೆ ಪ್ರಫುಲ್ಲಾ ಭುಜ ಕಾಣುವ ಗೌನು ತೊಡಬೇಕಿತ್ತು. ಅದಕ್ಕೊಪ್ಪುವ, ಪಟ್ಟಿಯಿಲ್ಲದ ಬ್ರಾ ನೂಲಿಸಿಕೊಳ್ಳಲು ರಾಮನಗರದ ನೂಲುಮನೆಗೆ ಬಂದು, ಎಲ್ಲರಂತೆ ಪರದೆಯ ಹಿಂದೆ ಕೈಯೆತ್ತಿ ನಿಂತಿದ್ದಳು. ರೇಷ್ಮೆಹುಳುಗಳು ಅವಳ ಎದೆಯ ಸುತ್ತ ಹರಿದಾಡುತ್ತ ನೂಲುತ್ತಿದ್ದವು. ಅಳತೆಗೆ ತಕ್ಕಷ್ಟೇ ಹುಳು ಬಿಡುವುದು ಅಲ್ಲಿನ ಪದ್ಧತಿ. ಪರದೆಯಾಚೆ ಭಾವೀ ಅತ್ತೆ ಕೂತಿದ್ದರಿಂದ ಅವಳು ಅಳತೆಯನ್ನು ಕಡಿಮೆ ಹೇಳಿದ್ದಳು.

ಒಂದು ಹುಳು ನೂಲೆಲ್ಲ ಬರಿದಾಗಿ, ಸತ್ತು ಕೆಳಗೆ ಬಿತ್ತು. ನೂಲಿಸುವ ಚಿಕ್ಕತಾಯಮ್ಮ ಅದನ್ನು ಅಂಗೈಗೆತ್ತಿಕೊಂಡಳು.

“ಸುಳ್ಳು ಹೇಳಿದ್ದೀಯ ಕಣವ್ವ. ಇವು ಅರ್ಧಕ್ಕೆ ಬಿಡೋ ಜಾತಿ ಅಲ್ಲ, ನಿನ್ನ ಭಾರ ಹೊರೋಕೆ ಸಾಯೋಗಂಟ ನೂಲ್ತವೆ. ನಿಜ ಕೂಗಿ ಹೇಳು, ಹೊರಗಿರೋರು ಇನ್ನೊಂದು ತಟ್ಟೆ ಹುಳ ತರ್ತಾರೆ.”

ಪ್ರಫುಲ್ಲಾ ಅತ್ತೆ ಕೂತಿದ್ದ ಕಡೆಗೆ, ಪರದೆಯತ್ತ ನೋಡಿದಳು. ಮತ್ತೊಂದು ಹುಳು ಅವಳ ಪಾದದ ಮೇಲೆ ಬಿತ್ತು.

ಕಿವಿಯವರೆಗೂ ಮುಖ ಸುಡುತ್ತಿರಲು, “ನಲವತ್ನಾಲ್ಕು” ಎಂದು ಕೂಗಿದಳು.