ಮಂಜು ತಾಳುವ ಗಿಡ

"ಮೊದಲು ಒದರೋ ಮಾರಾಯ, ಆಮೇಲೆ ಕಡಿ!"

ಮಾತು ಬಾಯಿಂದ ಜಾರಿದ ಮೇಲೆ ಇರ್ಯಾಳಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ದಾಳಿಗೆ ಬಂದು ದೊಡ್ಡ ಕತ್ತರಿಯನ್ನು ಅವಳ ಗಾಂಜಾ ಗಿಡದ ಕಾಂಡಕ್ಕಿಟ್ಟಿದ್ದ ಪೊಲೀಸ್ ವೇಡ್ ಹಾಗೇ ತಿರುಗಿ ನೋಡಿದ. ವಿಲಪಾ ಕೊಲ್ಲಿಯಿಂದ ಎದ್ದ ಮಂಜು ಪ್ಲಾಸ್ಟಿಕ್ ಚಪ್ಪರದೊಳಗೆ ನುಗ್ಗಿ ಎಲೆಎಲೆಗೂ ಹನಿ ಕಟ್ಟಿತ್ತು. ಬೆಳಗಾದರೆ ಒಂದೊಂದೇ ಗಿಡ ಹಿಡಿದು ಒದರಿ ನೀರುದುರಿಸುವುದು ಈ ಕರಾವಳಿಯಲ್ಲಿ ಬೆಳೆಯುವವರೆಲ್ಲರ ಮೊದಲ ಕೆಲಸ, ಕಾಫಿ ಆಮೇಲೆ. ಒಂದು ದಿನ ಮೈಮರೆತರೆ ಹೂವಿನ ಹೊಟ್ಟೆಯೊಳಗೆ ಬೂದು ಬೂಷ್ಟು ಹಿಡಿಯುತ್ತದೆ.

"ಒದ್ದೆ ಗಿಡ ಲಾರಿಗೆ ತುಂಬಿದ್ರೆ ಸಂಜೆಯೊಳಗೆ ಕೊಳೆತು ನಾರುತ್ತೆ ಕಣೋ," ಎಂದಳು, ಈ ಸಲ ಮೆಲ್ಲಗೆ.

"ಕೊಳೀಲಿ ಅಂತಾನೇ ಅಲ್ವಾ ಆಂಟಿ ಒಯ್ತಿರೋದು?" ವೇಡ್ ನಕ್ಕ. ಇರ್ಯಾಳ ಮಗನ ಜೊತೆ ಫುಟ್‌ಬಾಲ್ ಆಡಿಕೊಂಡು ಬೆಳೆದವನು ಅವನು. ಆದರೂ ಕತ್ತರಿ ಒತ್ತುವ ಮುಂಚೆ ಗಿಡವನ್ನೊಮ್ಮೆ ಒದರಿದ. ಹನಿಗಳ ಜೊತೆ ಕಳಿತ ಮರಸೇಬಿನಂಥ ವಾಸನೆ ಉದುರಿತು.

ಆ ರಾಜ್ಯದಲ್ಲಿ ಸರ್ಕಾರದ ಒಪ್ಪಿಗೆಯ ಗಾಂಜಾ ಅಂಗಡಿ ಮೀನಿನಂಗಡಿಗಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಆದರೆ ಪರವಾನಗಿಯೋ ವೈದ್ಯರ ಚೀಟಿಯೋ ಇಲ್ಲದವರು ಮನೆಯಲ್ಲಿ ಒಂದು ಗಿಡ ನೆಟ್ಟರೂ ಅಪರಾಧ. ಪರವಾನಗಿಗೆ ಉಕ್ಕಿನ ಬೇಲಿ ಬೇಕು, ಕ್ಯಾಮೆರಾ ಬೇಕು, ವಕೀಲ ಬೇಕು. ಸಿಂಪಿಚಿಪ್ಪು ಬಿಡಿಸಿ ಬಿಡಿಸಿ ಬೆರಳು ಸೊಟ್ಟಗಾದ ಇರ್ಯಾಳ ಬಳಿ ಇದ್ದದ್ದು ಈ ಗಿಡವೊಂದೇ. ಹಣ್ಣಿನ ವಾಸನೆಯ ತಳಿಗಳೆಲ್ಲ ಬಿಸಿಲು ನಾಡಿನವು. ಅವುಗಳ ದಪ್ಪ ಹೂವಿನ ಗೊಂಚಲು ಇಲ್ಲಿನ ಥಂಡಿಗೆ ಒಳಗಿಂದೊಳಗೇ ಕೊಳೆಯುತ್ತಿತ್ತು. ಅಂಥ ತಳಿಯೊಂದನ್ನು ಮೀನುಗಾರನೊಬ್ಬ ಕೊಟ್ಟ, ಮಂಜು ತಾಳುವ ಬಡಕಲು ಜಾತಿಯೊಂದಿಗೆ ಕೂಡಿಸಿ, ಕೊಳೆತದ್ದನ್ನು ಕಿತ್ತೆಸೆದು, ಉಳಿದದ್ದನ್ನು ಮತ್ತೆ ಕೂಡಿಸಿ, ಅರ್ಧ ಆಯುಸ್ಸು ಕಳೆದ ಮೇಲೆ ಅವಳಿಗೆ ಒಂದೇ ಒಂದು ಗಿಡ ದಕ್ಕಿತ್ತು: ಮಂಜನ್ನೂ ತಾಳಿತು, ಹಣ್ಣಿನ ವಾಸನೆಯನ್ನೂ ಬಿಡಲಿಲ್ಲ. ಬೀಜ ಹಾಕಿದರೆ ಗಿಡಕ್ಕೊಂದು ಗುಣ. ಅದೇ ಗುಣ ಬೇಕೆಂದರೆ ಆ ಗಿಡದ್ದೇ ಕಡ್ಡಿ ಮುರಿದು ನೆಡಬೇಕು. ಆ ತಾಯಿಗಿಡವನ್ನು ಅವಳು ಅಡುಗೆಮನೆಯ ಬಕೆಟ್ಟಿನಲ್ಲಿ ಸಾಕಿದ್ದಳು. ಈಗ ಇನ್ನೊಬ್ಬ ಪೊಲೀಸ ಆ ಬಕೆಟ್ಟನ್ನೇ ಎತ್ತಿಕೊಂಡು ಹೊರಬಂದ.

"ಅದೊಂದು ಬಿಡ್ರಪ್ಪ. ಅದರಲ್ಲಿ ಹೂವಿಲ್ಲ, ಏನಿಲ್ಲ."

"ಗಿಡ ಗಿಡಾನೇ ಆಂಟಿ," ಎಂದ ವೇಡ್. ಕತ್ತರಿ ಕಚಕ್ಕೆಂದಿತು.

ಅಷ್ಟರಲ್ಲಿ ಅಂಗಳಕ್ಕೆ ಇನ್ನೊಂದು ಗಾಡಿ ಬಂತು. ಇಳಿದವನು ಟ್ರೆಂಟ್, ಹೊಳೆಯಾಚೆಯ ಕಂಪನಿ ತೋಟದ ಮೇಸ್ತ್ರಿ. ಹೋದ ವರ್ಷ ಕಂಪನಿಯ ಬೆಳೆಯೆಲ್ಲ ಕೊಳೆತು ಹೋದಾಗ ಇದೇ ಬಾಗಿಲಿಗೆ ಬಂದು ಕಡ್ಡಿ ಕೇಳಿದ್ದ. ಇಲ್ಲಿ ಕಡ್ಡಿಯನ್ನು ಯಾರೂ ಮಾರುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ ಸುಮ್ಮನೆ ಕೊಡುತ್ತಾರೆ. ಒಯ್ದವನು ಮೊದಲ ಹೂವನ್ನು ತಂದು, ಕಡ್ಡಿ ಕೊಟ್ಟವರ ಮೂಗಿಗೆ ಹಿಡಿಯಬೇಕು, ಅಷ್ಟೇ. ಆ ಮಾತು ಉಳಿಸಿಕೊಳ್ಳಲು ಬಂದಿದ್ದ ಟ್ರೆಂಟ್ ಲಾರಿ ಕಂಡು ನಿಂತಲ್ಲೇ ನಿಂತ.

"ಯಾರು... ಯಾರು ಹೇಳಿದ್ದು ಇವರಿಗೆ?"

"ನಿಮ್ಮೋರೇ," ಎಂದ ವೇಡ್. "ದೂರು ನಿಮ್ಮ ಆಫೀಸಿಂದಾನೇ ಬಂದಿರೋದು. ಗೊತ್ತಿಲ್ವಾ? ಕಂಪನಿ ಹೆಸರಲ್ಲಿ ದಾಖಲಾದ ತಳೀನ ಇಲ್ಲಿ ಕಳ್ಳತನದಲ್ಲಿ ಬೆಳೀತಿದಾರಂತೆ."

ಟ್ರೆಂಟನ ಮುಖ ಸುಣ್ಣದಂತಾಯಿತು. ಇರ್ಯಾ ಕೈ ಚಾಚಿದಳು. ಅವನು ಜೇಬಿನಿಂದ ಮೊದಲ ಹೂವಿದ್ದ ಗಾಜಿನ ಡಬ್ಬಿ ತೆಗೆದುಕೊಟ್ಟ. ಕಂಪನಿಯಿಟ್ಟ ಹೆಸರು 'ಪೆಸಿಫಿಕ್ ಜಾಮ್' ಬಂಗಾರದಕ್ಷರದಲ್ಲಿ, ಕೆಳಗೆ ರಾಜ್ಯದ ಮುದ್ರೆ. ಮುಚ್ಚಳ ತಿರುವಿ ಮೂಸಿದಳು. ತನ್ನ ಅಡುಗೆಮನೆಯ ವಾಸನೆ.

"ಚೆನ್ನಾಗಿ ಬಂದಿದೆ," ಎಂದಳು. "ಟ್ರೆಂಟ್, ನನಗೊಂದು ಕಡ್ಡಿ ಬೇಕು."

"ಅಕ್ಕಾ... ಅಲ್ಲಿ ಗಿಡಗಿಡಕ್ಕೂ ನಂಬರಿದೆ. ಕ್ಯಾಮೆರಾ ಇದೆ. ಒಂದು ಚಿಗುರು ಮುರಿದ್ರೂ ನನ್ನ ಕೆಲಸ ಹೋಗುತ್ತೆ."

"ನೀ ಕೇಳ್ದಾಗ ನಾನು ಏನಂದೆ?"

"ಏನೂ ಅನ್ಲಿಲ್ಲ. ಕೊಟ್ರಿ."

"ಮತ್ತೆ?"

ವೇಡ್ ಕೆಮ್ಮಿದ. "ಆಂಟಿ, ನನ್ನೆದುರಿಗೇ ಕಡ್ಡಿ ಕೇಳ್ಬೇಡಿ. ಆಮೇಲೆ ಅದನ್ನೂ ಕೇಸಿಗೆ ಸೇರಿಸ್ಬೇಕಾಗುತ್ತೆ. ಎಲ್ಲಿ, ಅದೇನದು ಕೈಲಿ? ಕೊಡಿ ಇಲ್ಲಿ."

ಡಬ್ಬಿ ಇಸಿದುಕೊಂಡು ಬೆಳಕಿಗೆ ಹಿಡಿದ. ಮುದ್ರೆ ನೋಡಿದ, ತೆರಿಗೆಯ ಚೀಟಿ ನೋಡಿದ, ತಳ ತಿರುಗಿಸಿ ನೋಡಿದ. ನೆಮ್ಮದಿಯಿಂದ ಉಸಿರು ಬಿಟ್ಟ. ಅವನಿಗೂ ಈ ಮನೆಯಲ್ಲಿ ಏನಾದರೊಂದನ್ನು ಬಿಟ್ಟು ಹೋಗಬೇಕೆನಿಸಿತ್ತೋ ಏನೋ.

"ಇದು ಸರಿಯಿದೆ. ಇದು ಕಾನೂನಿನ ಮಾಲು. ಇಟ್ಕೊಳ್ಳಿ ಆಂಟಿ, ಇದು ನಿಮ್ದೇ."

ಅವಳ ಕೈಗಿಡುವಾಗ ಅವನ ಕಣ್ಣಿಗೆ ಬಿತ್ತು: ತನ್ನ ಕೈಗವುಸಿಗೆ ಹತ್ತಿದ್ದ ಅವಳ ಗಿಡದ ಹಸಿ ಎಲೆಯ ಚೂರೊಂದು ಡಬ್ಬಿಯ ಗಾಜಿಗೆ ಅಂಟಿಕೊಂಡಿತ್ತು. ವೇಡ್ ಅದನ್ನು ಬೆರಳ ತುದಿಯಿಂದ ಜೋಪಾನವಾಗಿ ಬಿಡಿಸಿ, ಸಾಕ್ಷಿಯ ಚೀಲದೊಳಗೆ ಹಾಕಿ, ಬಾಯಿ ಕಟ್ಟಿದ.